ಇಯೋಸಿನೋಫಿಲ್ ಜಾಸ್ತಿ ಬಂದಿದೆಯಾ? ಐಎಲ್-5 ಗೊತ್ತಿದ್ದರೆ ರಿಪೋರ್ಟ್ ಓದೋದು ಹೇಗೆ

ಮೂರು ವಾರದಿಂದ ಬಿಡದ ಕೆಮ್ಮು, ರಾತ್ರಿ ಮಲಗಿದರೆ ಎದೆಯಲ್ಲಿ ಸುಂಯ್ ಸುಂಯ್ ಸದ್ದು, ಬೆಳಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು. ಡಾಕ್ಟ್ರು ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆ ಬರೆದುಕೊಡುತ್ತಾರೆ. ಸಂಜೆ ಮೊಬೈಲಿಗೆ ರಿಪೋರ್ಟ್ ಬರುತ್ತದೆ. ಅದರಲ್ಲಿ ಇಯೋಸಿನೋಫಿಲ್ ಅನ್ನುವ ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿ, ಪಕ್ಕದಲ್ಲೊಂದು ಮೇಲ್ಮುಖ ಬಾಣ. ಅಷ್ಟರಲ್ಲಿ ಮನೆಯಲ್ಲಿ ಯಾರಾದರೊಬ್ಬರು "ಓ, ಇಸ್ನೋಫೀಲಿಯಾ ಅದು, ನಮ್ಮ ದೊಡ್ಡಪ್ಪನಿಗೂ ಇತ್ತು, 21 ದಿನದ ಮಾತ್ರೆ ಇದೆ, ತಗೊಂಡ್ರೆ ಹೋಗುತ್ತೆ" ಅಂದಿರುತ್ತಾರೆ. ಮೆಡಿಕಲ್ ಶಾಪಿನವರೂ ಕೇಳಿದರೆ ಕೊಟ್ಟುಬಿಡುತ್ತಾರೆ.

ಸ್ವಲ್ಪ ತಡೆಯಿರಿ. ಬಾಣದ ಗುರುತು ಹೇಳುವುದು ಇಷ್ಟೇ: ಒಂದು ಜಾತಿಯ ಬಿಳಿ ರಕ್ತಕಣ ಜಾಸ್ತಿ ಇದೆ. ಯಾಕೆ ಅಂತ ಅದು ಹೇಳುವುದಿಲ್ಲ. ಈ ಕಣಗಳನ್ನು ಜಾಸ್ತಿ ಮಾಡುವುದು ಐಎಲ್-5 ಅನ್ನುವ ಪುಟ್ಟ ಪ್ರೋಟೀನು, ಪೂರ್ತಿ ಹೆಸರು ಇಂಟರ್‌ಲ್ಯೂಕಿನ್-5. ನಮ್ಮ ರೋಗನಿರೋಧಕ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಪ್ರೋಟೀನುಗಳ ದೊಡ್ಡ ಬಳಗದಲ್ಲಿ ಇದೂ ಒಂದು. ಹಾಗಾಗಿ ಕೇಳಬೇಕಾದ ಪ್ರಶ್ನೆ "ಅಂಕಿ ಇಳಿಸೋದು ಹೇಗೆ" ಅಂತಲ್ಲ, "ನನ್ನ ಮೈಯಲ್ಲಿ ಐಎಲ್-5 ಹೊರಡಿಸುತ್ತಿರೋದು ಯಾವುದು" ಅಂತ. ಆ ಪ್ರಶ್ನೆ ಇಟ್ಟುಕೊಂಡು ರಿಪೋರ್ಟ್ ಓದುವುದು, ಡಾಕ್ಟ್ರ ಹತ್ತಿರ ಹೋಗುವುದು, ಕೊಟ್ಟ ಔಷಧಿಯನ್ನು ಸರಿಯಾಗಿ ತೆಗೆದುಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಇದನ್ನು ಓದಿ ನೀವೇ ಔಷಧಿ ಶುರು ಮಾಡಬೇಡಿ, ನಡೆಯುತ್ತಿರುವುದನ್ನು ನಿಲ್ಲಿಸಲೂ ಬೇಡಿ.

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ

ರಿಪೋರ್ಟಿನಲ್ಲಿ ಎರಡು ಬಗೆಯ ಅಂಕಿ ಇರುತ್ತದೆ. ಒಂದು ಪರ್ಸೆಂಟ್. ಇನ್ನೊಂದು ಎಇಸಿ, ಅಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ನಿಜಕ್ಕೂ ಎಷ್ಟು ಇಯೋಸಿನೋಫಿಲ್ ಇದೆ ಅನ್ನುವ ಎಣಿಕೆ. ನೀವು ನೋಡಬೇಕಾದದ್ದು ಎಇಸಿ. ಅದನ್ನು ಕೊಟ್ಟಿಲ್ಲದಿದ್ದರೆ ಒಟ್ಟು ಬಿಳಿ ರಕ್ತಕಣಗಳ ಸಂಖ್ಯೆಯನ್ನು ಇಯೋಸಿನೋಫಿಲ್ ಪರ್ಸೆಂಟಿನಿಂದ ಗುಣಿಸಿ 100ರಿಂದ ಭಾಗಿಸಿದರೆ ಸಿಗುತ್ತದೆ.

ಒಬ್ಬರ ಬಿಳಿ ಕಣ 4,500, ಇಯೋಸಿನೋಫಿಲ್ 8 ಪರ್ಸೆಂಟ್ ಅಂದುಕೊಳ್ಳಿ. ಲೆಕ್ಕ ಹಾಕಿದರೆ 360. ಬಾಣ ಇದೆ, ಆದರೆ ಸಾಮಾನ್ಯ ಮಿತಿ 500ರ ಒಳಗೇ ಇದ್ದಾರೆ. ಇನ್ನೊಬ್ಬರದು 12,000, ಇಯೋಸಿನೋಫಿಲ್ 6 ಪರ್ಸೆಂಟ್. ಲೆಕ್ಕಕ್ಕೆ 720. ಪರ್ಸೆಂಟ್ ಕಮ್ಮಿ, ಕಣಗಳು ಮಾತ್ರ ಎರಡು ಪಟ್ಟು. ಪರ್ಸೆಂಟ್ ನೋಡಿ ಗಾಬರಿಯಾಗುವವರು, ಪರ್ಸೆಂಟ್ ನೋಡಿ ಸಮಾಧಾನ ಮಾಡಿಕೊಳ್ಳುವವರು, ಇಬ್ಬರೂ ಎಡವುವುದು ಇಲ್ಲೇ.

500ರಿಂದ 1,500ರ ನಡುವೆ ಇದ್ದರೆ ಅಲರ್ಜಿ, ಉಬ್ಬಸ, ಹೊಟ್ಟೆಹುಳ, ಯಾವುದೋ ಮಾತ್ರೆಯ ಪರಿಣಾಮ, ಇಂಥ ಸಾಮಾನ್ಯ ಕಾರಣಗಳೇ ಹೆಚ್ಚು. 1,500 ದಾಟಿ, ಮತ್ತೆ ಪರೀಕ್ಷೆ ಮಾಡಿಸಿದರೂ ಅಲ್ಲೇ ನಿಂತಿದ್ದರೆ ಸುಮ್ನೆ ಬಿಡುವ ಹಾಗಿಲ್ಲ, ಯಾಕೆಂದರೆ ಅಷ್ಟು ಕಣಗಳು ತುಂಬಾ ಕಾಲ ಇದ್ದರೆ ಹೃದಯ, ನರ, ಶ್ವಾಸಕೋಶ ಯಾವುದನ್ನಾದರೂ ಹಾಳು ಮಾಡಬಹುದು. ಅಂಥವರಿಗೆ ಡಾಕ್ಟ್ರು ಎಕೋ ಮಾಡಿಸಲು ಹೇಳಿದರೆ "ಕೆಮ್ಮಿಗೆ ಯಾಕೆ ಹಾರ್ಟ್ ಪರೀಕ್ಷೆ, ದುಡ್ಡು ಮಾಡೋಕೆ" ಅಂದುಕೊಳ್ಳಬೇಡಿ. ಅದಕ್ಕೆ ಕಾರಣ ಇದೆ.

ಇನ್ನು ರಕ್ತ ಕೊಡುವ ಹೊತ್ತು. ಈ ಎಣಿಕೆ ದಿನವಿಡೀ ಒಂದೇ ಥರ ಇರುವುದಿಲ್ಲ. ಬೆಳಗ್ಗೆ ಮೈಯಲ್ಲಿ ಕಾರ್ಟಿಸಾಲ್ ಹಾರ್ಮೋನು ಏರಿರುತ್ತದೆ, ಅದು ಇಯೋಸಿನೋಫಿಲ್ ಅನ್ನು ತಗ್ಗಿಸುತ್ತದೆ. ರಾತ್ರಿ ಅದು ಇಳಿದಾಗ ಇದು ಏರುತ್ತದೆ. ಹೋದ ಸಲ ಸಂಜೆ ಕೊಟ್ಟು ಈ ಸಲ ಬೆಳಗ್ಗೆ ಕೊಟ್ಟು "ಅರ್ಧ ಇಳಿದಿದೆ" ಅಂತ ಖುಷಿಪಡುವುದರಲ್ಲಿ ಅರ್ಥ ಇಲ್ಲ. ಆದಷ್ಟೂ ಅದೇ ಲ್ಯಾಬ್, ಅದೇ ಹೊತ್ತು ಇಟ್ಟುಕೊಳ್ಳಿ. ಜೋರು ಜ್ವರ ಇದ್ದಾಗ ಮಾಡಿಸಿದರೂ ಅಂಕಿ ಮೋಸ ಮಾಡುತ್ತದೆ. ಟೈಫಾಯಿಡ್ ಥರದ ಸೋಂಕಿನಲ್ಲಿ ಇಯೋಸಿನೋಫಿಲ್ ಸೊನ್ನೆಗೆ ಬಿದ್ದುಬಿಡುವುದೂ ಉಂಟು.

ಎಲ್ಲಕ್ಕಿಂತ ದೊಡ್ಡ ಮೋಸ ಸ್ಟೀರಾಯ್ಡ್‌ನದು. ಪ್ರೆಡ್ನಿಸೋಲೋನ್ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಎಣಿಕೆ ಬಿದ್ದುಹೋಗುತ್ತದೆ. ಹಾಗಾಗಿ ಸಾಧ್ಯವಾದರೆ ಸ್ಟೀರಾಯ್ಡ್ ಶುರು ಮಾಡುವ ಮುಂಚೆ ರಕ್ತ ಕೊಡಿ. ಹಳೆಯ ರಿಪೋರ್ಟ್‌ಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಡಿ, ಯಾಕೆಂದರೆ ಮುಂದೆ ಯಾವತ್ತಾದರೂ ದೊಡ್ಡ ಚಿಕಿತ್ಸೆಯ ಮಾತು ಬಂದಾಗ ಹೋದ ಒಂದು ವರ್ಷದಲ್ಲಿ ಅತಿ ಹೆಚ್ಚು ಇದ್ದ ಅಂಕಿ ಯಾವುದು ಅಂತಲೂ ಕೇಳುತ್ತಾರೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಲೇಬಲ್ ಇಲ್ಲದ ಪೊಟ್ಟಣದಲ್ಲಿ ಬರುವ "ಉಬ್ಬಸದ ಪುಡಿ" ಎರಡೇ ದಿನದಲ್ಲಿ ಪವಾಡ ಮಾಡಿದರೆ ಅದರೊಳಗೆ ಸ್ಟೀರಾಯ್ಡ್ ಬೆರೆಸಿರಬಹುದು ಅಂತ ಅನುಮಾನ ಪಡಿ. ಅಂಥ ಪುಡಿ ತೆಗೆದುಕೊಂಡಿದ್ದರೆ ಮುಚ್ಚಿಡಬೇಡಿ, ಡಾಕ್ಟ್ರಿಗೆ ಹೇಳಿ. ಬೈದರೂ ಪರವಾಗಿಲ್ಲ.

ಐಎಲ್-5 ಮಾಡುವ ಕೆಲಸ ಏನು

ಇಯೋಸಿನೋಫಿಲ್ ಹುಟ್ಟುವುದು ಮೂಳೆಮಜ್ಜೆಯಲ್ಲಿ. ಐಎಲ್-5 ಅಲ್ಲಿಗೆ ತಲುಪಿ ಎಳೆಯ ಕಣಗಳನ್ನು ಬಲಿಯುವಂತೆ ಮಾಡುತ್ತದೆ. ಬಲಿತವನ್ನು ರಕ್ತಕ್ಕೆ ಬಿಡಿಸುತ್ತದೆ. ಅವು ಮೂಗು, ಶ್ವಾಸನಾಳ ಸೇರಿದ ಮೇಲೆ ಬೇಗ ಸಾಯದಂತೆ ನೋಡಿಕೊಳ್ಳುತ್ತದೆ. ಮದುವೆ ಮನೆಯ ಯಜಮಾನ ಕರೆಯೋಲೆಯನ್ನೂ ಕಳಿಸಿ, ಬಸ್ಸನ್ನೂ ಮಾಡಿಸಿ, ಬಂದವರನ್ನು "ಇನ್ನೊಂದು ಊಟ ಮಾಡ್ಕೊಂಡೇ ಹೋಗಿ" ಅಂತ ಹಿಡಿದು ಕೂರಿಸಿದ ಹಾಗೆ. ಸಾಮಾನ್ಯವಾಗಿ ಇಯೋಸಿನೋಫಿಲ್ ರಕ್ತದಲ್ಲಿ ಒಂದು ದಿನವೂ ಇರುವುದಿಲ್ಲ. ಐಎಲ್-5 ಸಿಗುತ್ತಿದ್ದರೆ ಅಂಗಾಂಶದೊಳಗೆ ದಿನಗಟ್ಟಲೆ ಬದುಕುತ್ತದೆ. ಉಬ್ಬಸ ವಾರಗಟ್ಟಲೆ ಎಳೆಯುವುದಕ್ಕೆ ಇದೊಂದು ಮುಖ್ಯ ಕಾರಣ.

ಇಷ್ಟಕ್ಕೂ ಈ ಕಣ ಬಂದು ಏನು ಮಾಡುತ್ತದೆ? ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುರುತು ಹಿಡಿಯುವುದು ಸುಲಭ. ಎರಡು ಹೋಳಾದ ಬೀಜಕೇಂದ್ರ, ಸುತ್ತ ಕಿತ್ತಳೆಗೆಂಪು ಬಣ್ಣದ ದಪ್ಪ ದಪ್ಪ ಕಾಳುಗಳು. ಇಯೋಸಿನ್ ಅನ್ನುವ ಬಣ್ಣವನ್ನು ಈ ಕಾಳುಗಳು ಹೀರಿಕೊಳ್ಳುವುದನ್ನು 1879ರಲ್ಲಿ ತೋರಿಸಿದ್ದು ಜರ್ಮನಿಯ ಪಾಲ್ ಎರ್ಲಿಕ್. ಆ ಕಾಳುಗಳ ಒಳಗೆ ಹುಳುವಿನ ಚರ್ಮವನ್ನೇ ಸುಡುವಂಥ ಪ್ರೋಟೀನುಗಳು ಇರುತ್ತವೆ. ಹುಳ ಇಲ್ಲದ ಕಡೆ ಅವು ಸುರಿದರೆ ಸುಡುವುದು ನಮ್ಮ ಶ್ವಾಸನಾಳದ ಒಳಪದರವನ್ನೇ. ಸತ್ತ ಇಯೋಸಿನೋಫಿಲ್‌ಗಳಿಂದ ಒಂದು ಪ್ರೋಟೀನು ಹೊರಬಂದು ಸೂಜಿಯಂತೆ ಎರಡೂ ತುದಿ ಚೂಪಾದ ಹರಳುಗಳಾಗುತ್ತದೆ, ಚಾರ್ಕೋ-ಲೈಡನ್ ಹರಳು ಅಂತ ಅದಕ್ಕೆ ಹೆಸರು. ಉಬ್ಬಸದವರ ಕಫದಲ್ಲಿ ಅದು ಕಾಣುತ್ತದೆ. ಆ ಕಫ ಅಂಟಂಟಾಗಿ, ಕೆಮ್ಮಿದರೂ ಬಾರದೆ, ಬಂದರೆ ಹಳದಿಯಾಗಿ ಬರುತ್ತದೆ. ಹಳದಿ ಕಫ ಅಂದ ಕೂಡಲೇ ಸೋಂಕು ಅಂತ ಆಂಟಿಬಯಾಟಿಕ್ ನುಂಗುವವರು ಇದನ್ನು ಗಮನಿಸಿ. ಇಯೋಸಿನೋಫಿಲ್ ತುಂಬಿದ ಕಫಕ್ಕೂ ಅದೇ ಬಣ್ಣ ಬರುತ್ತದೆ. ಜ್ವರ ಇಲ್ಲದೆ, ಪ್ರತೀ ಚಳಿಗಾಲದಲ್ಲಿ ಮೂರು ಮೂರು ಕೋರ್ಸ್ ಆಂಟಿಬಯಾಟಿಕ್ ಆಗುತ್ತಿದೆ ಅಂದರೆ "ಕಫದಲ್ಲಿ ಇಯೋಸಿನೋಫಿಲ್ ಇದೆಯಾ" ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಐಎಲ್-5 ಒಬ್ಬಂಟಿಯಲ್ಲ. ಐಎಲ್-4, ಐಎಲ್-13 ಅಂತ ಇಬ್ಬರು ನೆಂಟರಿದ್ದಾರೆ. ಮೂರರ ಜೀನ್‌ಗಳೂ ನಮ್ಮ 5ನೇ ಕ್ರೋಮೋಸೋಮಿನ ಒಂದೇ ಭಾಗದಲ್ಲಿ ಅಕ್ಕಪಕ್ಕ ಇವೆ. ಐಎಲ್-4 ಮತ್ತು ಐಎಲ್-13 ಸೇರಿ ಐಜಿಇ ಅನ್ನುವ ಅಲರ್ಜಿ ಪ್ರತಿಕಾಯ (ಆಂಟಿಬಾಡಿ) ತಯಾರಾಗುವಂತೆ ಮಾಡುತ್ತವೆ. ಕಫ ಜಾಸ್ತಿ ಮಾಡುವುದೂ ಐಎಲ್-13. ಇದು ಗೊತ್ತಿದ್ದರೆ ಒಂದು ಗೊಂದಲ ತಪ್ಪುತ್ತದೆ: ಐಜಿಇ ಜಾಸ್ತಿ ಇದ್ದು ಇಯೋಸಿನೋಫಿಲ್ ಸರಿಯಾಗಿರಬಹುದು, ಅದರ ಉಲ್ಟಾನೂ ಇರಬಹುದು. ಎರಡು ಅಂಕಿ ಎರಡು ಬೇರೆ ಪ್ರೋಟೀನುಗಳ ಹೆಜ್ಜೆ ಗುರುತು. ಒಂದು ಇನ್ನೊಂದರ ಬದಲಿಗೆ ನಡೆಯುವುದಿಲ್ಲ.

ಹಾಗಾದರೆ ಐಎಲ್-5 ಅನ್ನೇ ನೇರವಾಗಿ ಅಳೆಯಬಾರದಾ ಅಂತ ಕೇಳಬಹುದು. ಅಳೆಯಬಹುದು, ಸಂಶೋಧನೆಯಲ್ಲಿ ಅಳೆಯುತ್ತಾರೆ. ನಿಮ್ಮ ಚಿಕಿತ್ಸೆ ನಿರ್ಧರಿಸೋಕೆ ಅದು ಬೇಕಾಗಿಲ್ಲ. ಯಾರಾದರೂ ಸೈಟೋಕೈನ್ (ಐಎಲ್-5 ಥರದ ಸುದ್ದಿ ಮುಟ್ಟಿಸುವ ಪ್ರೋಟೀನು) ಪ್ಯಾಕೇಜ್ ಅಂತ ದುಬಾರಿ ಪರೀಕ್ಷೆ ತೋರಿಸಿದರೆ ಆ ದುಡ್ಡು ಉಳಿಸಿಕೊಳ್ಳಿ. ಅಗ್ಗದ ಎಇಸಿಯೇ ಐಎಲ್-5 ಎಷ್ಟು ಕೆಲಸ ಮಾಡುತ್ತಿದೆ ಅಂತ ಬೇಕಾದಷ್ಟು ಹೇಳುತ್ತದೆ.

ಕರೆಸುತ್ತಿರುವುದು ಯಾರು ಅಂತ ಹುಡುಕಿ

ನಮ್ಮ ಕಡೆ ಮೊದಲು ಕೇಳಬೇಕಾದದ್ದು ಹುಳದ ಬಗ್ಗೆ. ಐಎಲ್-5 ಇರುವುದೇ ಬಹುಶಃ ಅದಕ್ಕೆ. ಬರಿಗಾಲಲ್ಲಿ ಗದ್ದೆ, ತೋಟದಲ್ಲಿ ಕೆಲಸ ಮಾಡುವವರಿಗೆ, ಮಣ್ಣಲ್ಲಿ ಆಡುವ ಮಕ್ಕಳಿಗೆ ಕೊಕ್ಕೆಹುಳ, ಜಂತುಹುಳ ಸೇರುವುದು ಹೊಸದಲ್ಲ. ಸರ್ಕಾರ ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡುವುದು ಇದಕ್ಕೇ. ಆದರೆ ಸ್ಟ್ರಾಂಜಿಲಾಯ್ಡಿಸ್ ಅನ್ನುವ ಒಂದು ಹುಳ ಇದೆ, ಅದಕ್ಕೆ ಒಂದು ಅಲ್ಬೆಂಡಜೋಲ್ ಸಾಕಾಗುವುದಿಲ್ಲ, ಐವರ್ಮೆಕ್ಟಿನ್ ಬೇಕು. ಅದು ಮೈಯೊಳಗೆ ವರ್ಷಾನುಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಇಂಥವರಿಗೆ ಸ್ಟೀರಾಯ್ಡ್ ಮಾತ್ರೆ ದೀರ್ಘಕಾಲ ಕೊಟ್ಟರೆ ಹುಳ ಮೈಯೆಲ್ಲ ಹರಡಿ ಪ್ರಾಣಕ್ಕೇ ಕುತ್ತು ಬರಬಹುದು. ಹಾಗಾಗಿ ತೋಟದ ಕೆಲಸ ಮಾಡುತ್ತೇನೆ ಅನ್ನುವುದನ್ನು ಡಾಕ್ಟ್ರಿಗೆ ಬಾಯಿಬಿಟ್ಟು ಹೇಳಿ. ಅವರು ನಿಮ್ಮ ಅಂಗಾಲು ನೋಡಿ ಊಹೆ ಮಾಡಲಿ ಅಂತ ಕಾಯಬೇಡಿ.

ಎರಡನೆಯದು ಆ 21 ದಿನದ ಮಾತ್ರೆಯ ಕಥೆ. ಅದರ ಹೆಸರು ಡಿಇಸಿ, ಆನೆಕಾಲು ರೋಗದ ಔಷಧಿ. 1940ರಲ್ಲಿ ನಮ್ಮ ಕೋಲಾರದ ಗಡಿಯಾಚೆಯ ಮದನಪಲ್ಲಿಯ ಕ್ಷಯ ಆಸ್ಪತ್ರೆಯ ಡಾಕ್ಟರುಗಳಾದ ಫ್ರಿಮೋಟ್-ಮೊಲರ್ ಮತ್ತು ಬಾರ್ಟನ್ ಒಂದು ವಿಚಿತ್ರ ಗಮನಿಸಿದರು. ಕೆಲವರ ಎದೆಯ ಎಕ್ಸ್-ರೇ ಕ್ಷಯದ ಹಾಗೇ ಕಾಣುತ್ತದೆ, ಕ್ಷಯ ಅಲ್ಲ, ರಕ್ತದಲ್ಲಿ ಮಾತ್ರ ಇಯೋಸಿನೋಫಿಲ್ ತುಂಬಿದೆ. 1943ರಲ್ಲಿ ವೈನ್‌ಗಾರ್ಟನ್ ಅನ್ನುವವರು ಇದಕ್ಕೆ ಟ್ರಾಪಿಕಲ್ ಇಯೋಸಿನೋಫೀಲಿಯಾ ಅಂತ ಹೆಸರಿಟ್ಟರು. ಸೊಳ್ಳೆಯಿಂದ ಬರುವ ಆನೆಕಾಲಿನ ಹುಳದ ಮರಿಗಳು ಶ್ವಾಸಕೋಶದಲ್ಲಿ ಸಿಕ್ಕಿಕೊಂಡು, ಅವಕ್ಕೆ ಮೈ ವಿಪರೀತ ಉರಿದೇಳುವುದೇ ಇದಕ್ಕೆ ಕಾರಣ ಅಂತ ಆಮೇಲೆ ಗೊತ್ತಾಯಿತು. ರಾತ್ರಿ ಕೆಮ್ಮು, ಉಬ್ಬಸ, ತೂಕ ಇಳಿಯುವುದು, ಎಇಸಿ ಸಾಮಾನ್ಯವಾಗಿ 3,000ಕ್ಕೂ ಮೇಲೆ, ಐಜಿಇ ಕೂಡ ತುಂಬಾ ಜಾಸ್ತಿ. ಕಲಬುರಗಿ, ಬೀದರ್ ಕಡೆಯವರು, ಕರಾವಳಿಯವರು, ಆ ಕಡೆ ವರ್ಷಗಟ್ಟಲೆ ಇದ್ದು ಬಂದವರು ಇದನ್ನು ಮನಸ್ಸಲ್ಲಿ ಇಟ್ಟುಕೊಳ್ಳಬೇಕು. ರಕ್ತದಲ್ಲಿ ಮರಿಹುಳ ಸಾಮಾನ್ಯವಾಗಿ ಕಾಣುವುದಿಲ್ಲ, ಆದ್ದರಿಂದ "ಸ್ಮಿಯರ್‌ನಲ್ಲಿ (ಗಾಜಿನ ಮೇಲೆ ರಕ್ತ ಸವರಿ ನೋಡುವ ಪರೀಕ್ಷೆ) ಏನೂ ಇಲ್ಲ" ಅಂದಾಕ್ಷಣ ತಳ್ಳಿಹಾಕುವ ಹಾಗಿಲ್ಲ.

ಈ ಕಾಯಿಲೆಗೆ ಡಿಇಸಿ ಮೂರು ವಾರ ಕೊಟ್ಟರೆ ಚೆನ್ನಾಗಿ ಕೇಳುತ್ತದೆ. ದೊಡ್ಡಪ್ಪನಿಗೆ ಇದೇ ಇದ್ದಿರಬಹುದು. ಆದರೆ 650 ಎಇಸಿ ಇರುವ, ದೂಳು ಕಂಡರೆ ಸೀನುವ ಹುಡುಗಿಗೆ ಅದೇ ಮಾತ್ರೆ ಕೊಟ್ಟರೆ ಹುಳ ಇಲ್ಲದ ಕಡೆ ಹುಳದ ಔಷಧಿ ಹಾಕಿದಂತೆ. ಅವಳ ಉಬ್ಬಸ ಹಾಗೇ ಉಳಿಯುತ್ತದೆ.

ಮೂರನೆಯದು ಮಾತ್ರೆಗಳು. ಫಿಟ್ಸ್‌ಗೆ ಕೊಡುವ ಕೆಲವು ಔಷಧಿ, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯುರಿನಾಲ್, ಕೆಲವು ಆಂಟಿಬಯಾಟಿಕ್. ಹೊಸ ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಮೈಮೇಲೆ ಗಂಧೆ, ಜ್ವರ, ಮುಖ ಊತ, ಜೊತೆಗೆ ಇಯೋಸಿನೋಫಿಲ್ ಏರಿಕೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅದರಲ್ಲಿ ಲಿವರ್, ಕಿಡ್ನಿ ಕೂಡ ಹೋಗುವ ಅಪಾಯ ಇದೆ.

ಇವೆಲ್ಲ ಅಲ್ಲ ಅಂದ ಮೇಲೆ ಅಲರ್ಜಿ. ದೂಳುಹುಳ, ಜಿರಲೆ, ಬೂಷ್ಟು, ಬೆಕ್ಕಿನ ತುಪ್ಪಳದ ಹೊಟ್ಟು, ಖಾಲಿ ಸೈಟಿನಲ್ಲೆಲ್ಲ ಬೆಳೆದು ನಿಲ್ಲುವ ಕಾಂಗ್ರೆಸ್ ಗಿಡದ ಪರಾಗ. ಮೂಗಿಗೆ ಇದು ಹೋದ ಕೆಲವೇ ನಿಮಿಷಗಳಲ್ಲಿ ಮಾಸ್ಟ್ ಅನ್ನುವ ರೋಗನಿರೋಧಕ ಕಣಗಳು ಹಿಸ್ಟಮಿನ್ ಅನ್ನುವ ರಾಸಾಯನಿಕ ಸುರಿಸುತ್ತವೆ, ಸೀನು, ತುರಿಕೆ, ನೀರು ಶುರುವಾಗುತ್ತದೆ. ಅಲ್ಲಿಗೆ ಮುಗಿಯುವುದಿಲ್ಲ. ನಾಲ್ಕಾರು ಗಂಟೆ ಕಳೆದ ಮೇಲೆ ಎರಡನೇ ಸುತ್ತು. ಐಎಲ್-5 ಕರೆದ ಇಯೋಸಿನೋಫಿಲ್‌ಗಳು ಆಗ ಬಂದು ಸೇರುತ್ತವೆ. ಮಧ್ಯಾಹ್ನ ಮನೆ ಗುಡಿಸಿದವರಿಗೆ ರಾತ್ರಿ ಮೂಗು ಕಟ್ಟಿ ಎದೆ ಬಿಗಿಯುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಮಧ್ಯಾಹ್ನದ್ದು ಮರೆತೇ ಹೋಗಿರುತ್ತದೆ, ರಾತ್ರಿ ತಿಂದ ಬಾಳೆಹಣ್ಣಿನ ಮೇಲೆ ತಪ್ಪು ಹೊರಿಸುತ್ತೇವೆ.

ಅಲರ್ಜಿ ಪರೀಕ್ಷೆಯಲ್ಲಿ ಏನೂ ಸಿಗದೆ, ಇಯೋಸಿನೋಫಿಲ್ ಮಾತ್ರ ಜಾಸ್ತಿ ಇರುವವರೂ ಇದ್ದಾರೆ. ಸಾಮಾನ್ಯವಾಗಿ ದೊಡ್ಡವರಾದ ಮೇಲೆ ಶುರುವಾದ ಉಬ್ಬಸ, ಮೂಗಿನಲ್ಲಿ ದುರ್ಮಾಂಸ, ವಾಸನೆ ಗೊತ್ತಾಗದಿರುವುದು. ಇವರಲ್ಲಿ ಐಎಲ್-5 ಬರುವುದು ಹೆಚ್ಚಾಗಿ ಐಎಲ್‌ಸಿ-2 ಅನ್ನುವ ರೋಗನಿರೋಧಕ ಕಣಗಳಿಂದ. ಹೊಗೆ, ವೈರಸ್, ದೂಳು ಶ್ವಾಸನಾಳದ ಒಳಪದರವನ್ನು ಕೆರೆದಾಗ ಆ ಪದರವೇ ಟಿಎಸ್‌ಎಲ್‌ಪಿ, ಐಎಲ್-33 ಅನ್ನುವ ಎಚ್ಚರಿಕೆ ಪ್ರೋಟೀನುಗಳನ್ನು ಬಿಟ್ಟು ಈ ಕಣಗಳನ್ನು ಎಬ್ಬಿಸುತ್ತದೆ. ಐಜಿಇ ಬೇಕಾಗಿಯೇ ಇಲ್ಲ. ಇಂಥವರು ಒಂದು ವಿಷಯ ಗಮನಿಸಲೇಬೇಕು: ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ತೆಗೆದುಕೊಂಡು ಒಂದೆರಡು ಗಂಟೆಯಲ್ಲಿ ಮೂಗು ಕಟ್ಟಿ ಉಸಿರು ಹಿಡಿದಿದ್ದು ಯಾವತ್ತಾದರೂ ಇದೆಯಾ? ಇದ್ದರೆ ಅದನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ, ಹಲ್ಲಿನ ಡಾಕ್ಟ್ರಿಗೂ ತೋರಿಸಿ.

ಯಾವ ಔಷಧಿ ಎಲ್ಲಿ ಕೆಲಸ ಮಾಡುತ್ತದೆ

ಸೆಟಿರಿಜಿನ್, ಲೆವೊಸೆಟಿರಿಜಿನ್ ಹಿಸ್ಟಮಿನ್ ಅನ್ನು ತಡೆಯುತ್ತವೆ. ಸೀನು, ತುರಿಕೆಗೆ ಒಳ್ಳೆಯದು. ಎರಡನೇ ಸುತ್ತಿಗೆ ಬರುವ ಇಯೋಸಿನೋಫಿಲ್‌ಗಳಿಗೆ ಅವು ಹೆಚ್ಚೇನೂ ಮಾಡುವುದಿಲ್ಲ, ಅದಕ್ಕೇ ಕಟ್ಟಿದ ಮೂಗು ಬಿಡುವುದಿಲ್ಲ. ಅದರ ಜೊತೆಗೇ ಬರುವ ಮಾಂಟೆಲುಕಾಸ್ಟ್ ಇನ್ನೊಂದು ದಾರಿಯನ್ನು ತಡೆಯುತ್ತದೆ, ಕೆಲವರಿಗೆ ಉಪಯೋಗ ಇದೆ. ಆದರೆ ಮಕ್ಕಳಲ್ಲಿ ಕೆಟ್ಟ ಕನಸು, ಸಿಟ್ಟು, ಮಂಕು ಕಾಣಿಸಿದರೆ ಡಾಕ್ಟ್ರಿಗೆ ತಿಳಿಸಿ. ಇದರ ಮಾನಸಿಕ ಅಡ್ಡಪರಿಣಾಮದ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ತನ್ನ ಅತಿ ಗಟ್ಟಿ ಎಚ್ಚರಿಕೆಯನ್ನೇ ಹಾಕಿಸಿತು.

ನೀಲಿ ಇನ್ಹೇಲರ್, ಅಂದರೆ ಸಾಲ್ಬುಟಮಾಲ್, ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ತಕ್ಷಣ ಹಾಯೆನಿಸುತ್ತದೆ. ಐಎಲ್-5ಗೆ ಅದರಿಂದ ಕೂದಲೂ ಕೊಂಕುವುದಿಲ್ಲ. ಒಳಗೆ ಉರಿ ಹಾಗೇ ಇರುತ್ತದೆ. ಬರೀ ಇದೊಂದನ್ನೇ ನೆಚ್ಚಿಕೊಳ್ಳಬೇಡಿ ಅಂತ ಗೀನಾ ಅನ್ನುವ ಅಂತರರಾಷ್ಟ್ರೀಯ ಉಬ್ಬಸ ಮಾರ್ಗಸೂಚಿ 2019ರಿಂದ ಹೇಳುತ್ತಾ ಬಂದಿದೆ. ಐಎಲ್-5 ತಯಾರಿಕೆಯನ್ನೇ ತಗ್ಗಿಸುವುದು ಸ್ಟೀರಾಯ್ಡ್ ಇರುವ ಇನ್ಹೇಲರ್ ಮತ್ತು ಮೂಗಿನ ಸ್ಪ್ರೇ. "ಇನ್ಹೇಲರ್ ಶುರು ಮಾಡಿದ್ರೆ ಚಟ ಆಗುತ್ತೆ" ಅನ್ನುವ ಮಾತನ್ನು ದಯವಿಟ್ಟು ಬಿಡಿ. ವರ್ಷಕ್ಕೆ ನಾಲ್ಕು ಸಲ ಸ್ಟೀರಾಯ್ಡ್ ಮಾತ್ರೆ ನುಂಗುವುದಕ್ಕಿಂತ ದಿನಾ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ಶ್ವಾಸನಾಳಕ್ಕೆ ಹೋಗುವುದು ಎಷ್ಟೋ ವಾಸಿ.

ಆದರೆ ಅದು ಒಳಗೆ ಹೋಗಬೇಕಲ್ಲ. ಎಷ್ಟೋ ಜನರ ಇನ್ಹೇಲರ್ ಕೆಲಸ ಮಾಡದಿರುವುದಕ್ಕೆ ಕಾರಣ ಗಂಟಲಿಗೆ ಹೊಡೆದುಕೊಳ್ಳುವುದು. ಚೆನ್ನಾಗಿ ಅಲುಗಾಡಿಸಿ. ಉಸಿರನ್ನು ಪೂರ್ತಿ ಹೊರಗೆ ಬಿಡಿ. ತುಟಿ ಬಿಗಿ ಮಾಡಿ, ನಿಧಾನವಾಗಿ ಉಸಿರು ಎಳೆದುಕೊಳ್ಳಲು ಶುರು ಮಾಡಿದ ಕೂಡಲೇ ಒತ್ತಿ, ಎಳೆಯುವುದನ್ನು ಮುಂದುವರಿಸಿ. ಹತ್ತರವರೆಗೆ ಎಣಿಸುತ್ತಾ ಉಸಿರು ಹಿಡಿದಿಡಿ. ಎರಡನೇ ಪಫ್ ಇದ್ದರೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಅಲುಗಾಡಿಸಿ. ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಷ್ಟು ಕೂರುತ್ತದೆ. ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಕೆ ಆಗುತ್ತಿಲ್ಲವಾ, ಸ್ಪೇಸರ್ ಕೊಳ್ಳಿ. ಮಕ್ಕಳಿಗೂ ಅಜ್ಜ ಅಜ್ಜಿಯರಿಗೂ ಸ್ಪೇಸರ್ ಇಲ್ಲದೆ ಪಫ್ ಇನ್ಹೇಲರ್ ಕೊಡಲೇಬೇಡಿ. ಕ್ಯಾಪ್ಸೂಲ್ ಹಾಕುವ ಪುಡಿಯ ಇನ್ಹೇಲರ್ ಆದರೆ ಲೆಕ್ಕ ಬೇರೆ, ಅಲ್ಲಿ ನಿಧಾನ ಅಲ್ಲ, ಜೋರಾಗಿ ಎಳೆಯಬೇಕು. ಮೂಗಿನ ಸ್ಪ್ರೇ ಹೊಡೆಯುವಾಗ ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹೊಡೆಯಿರಿ. ಆಗ ತುದಿ ತಾನಾಗಿ ಹೊರಗಡೆಗೆ, ಕಿವಿಯ ದಿಕ್ಕಿಗೆ ತಿರುಗುತ್ತದೆ. ನಡುವಿನ ಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಎರಡು ದಿನಕ್ಕೆ ಗುಣ ಕಾಣಲಿಲ್ಲ ಅಂತ ಬಿಸಾಕಬೇಡಿ. ಪೂರ್ತಿ ಪರಿಣಾಮಕ್ಕೆ ಒಂದೆರಡು ವಾರ ಬೇಕು, ಆಗಲೇ ಸೇರಿಕೊಂಡಿರುವ ಕಣಗಳು ಖಾಲಿಯಾಗಬೇಕಲ್ಲ.

ಮೃಗಶಿರಾ ಮಳೆ ಕೂಡುವ ಹೊತ್ತಿಗೆ ಹೈದರಾಬಾದಿಗೆ ಮೀನಿನ ಪ್ರಸಾದಕ್ಕೆ ಹೋಗುವವರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ. ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ. ಇನ್ಹೇಲರ್ ಮಾತ್ರ ಜೇಬಿನಲ್ಲೇ ಇರಲಿ.

ಐಎಲ್-5 ತಡೆಯುವ ಇಂಜೆಕ್ಷನ್ ಯಾರಿಗೆ

ಐಎಲ್-5 ಇಷ್ಟೆಲ್ಲ ಮಾಡುತ್ತದೆ ಅಂದರೆ ಅದನ್ನೇ ಕಟ್ಟಿಹಾಕಿದರೆ ಉಬ್ಬಸವೇ ಹೋಗುತ್ತದಲ್ಲ ಅಂತ ವಿಜ್ಞಾನಿಗಳೂ ಅಂದುಕೊಂಡಿದ್ದರು. ಮೆಪೊಲಿಜುಮ್ಯಾಬ್ ಅನ್ನುವ ಪ್ರತಿಕಾಯ ಐಎಲ್-5 ಅನ್ನು ಹಿಡಿದುಕೊಳ್ಳುತ್ತದೆ. 2000ದಲ್ಲಿ ಸೌಮ್ಯ ಉಬ್ಬಸದವರಿಗೆ ಕೊಟ್ಟು ನೋಡಿದರು. ರಕ್ತದಲ್ಲಿ, ಕಫದಲ್ಲಿ ಇಯೋಸಿನೋಫಿಲ್ ಬಿದ್ದುಹೋಯಿತು. ಉಬ್ಬಸ ಮಾತ್ರ ಇದ್ದಲ್ಲೇ ಇತ್ತು. 2007ರಲ್ಲಿ ದೊಡ್ಡ ಪ್ರಯೋಗ, 362 ಜನ. ಮತ್ತೆ ಅದೇ ಕಥೆ. ಐಎಲ್-5ಗೂ ಉಬ್ಬಸಕ್ಕೂ ಸಂಬಂಧವೇ ಇಲ್ಲವೇನೋ ಅಂತ ಮಾತಾಡಿಕೊಳ್ಳುವ ಮಟ್ಟಕ್ಕೆ ಬಂತು.

ಔಷಧಿಯಲ್ಲಿ ದೋಷ ಇರಲಿಲ್ಲ, ಕೊಟ್ಟವರ ಆಯ್ಕೆಯಲ್ಲಿತ್ತು. ಇಯೋಸಿನೋಫಿಲ್ ಇದೆಯೋ ಇಲ್ಲವೋ ನೋಡದೆ ಉಬ್ಬಸ ಇದ್ದವರನ್ನೆಲ್ಲ ಸೇರಿಸಿಕೊಂಡಿದ್ದರು. 2009ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಮತ್ತು ಕೆನಡಾದ ಹ್ಯಾಮಿಲ್ಟನ್‌ನ ತಂಡಗಳು ಉಪಾಯ ಬದಲಾಯಿಸಿದವು. ಚಿಕಿತ್ಸೆ ನಡೆಯುತ್ತಿದ್ದರೂ ಕಫದಲ್ಲಿ ಇಯೋಸಿನೋಫಿಲ್ ಉಳಿದಿರುವವರನ್ನೇ, ಪದೇ ಪದೇ ಉಲ್ಬಣ ಆಗುವವರನ್ನೇ ಆರಿಸಿಕೊಂಡರು. ಲೆಸ್ಟರ್‌ನಲ್ಲಿ ಇದ್ದದ್ದು 61 ಜನ. ಜೋರು ಉಲ್ಬಣ ಬರೀ ತೋರಿಕೆಯ ಔಷಧಿ ಪಡೆದವರಲ್ಲಿ ವರ್ಷಕ್ಕೆ ಸರಾಸರಿ 3.4 ಸಲ ಆದರೆ, ನಿಜವಾದ ಔಷಧಿ ಪಡೆದವರಲ್ಲಿ 2.0 ಸಲ ಆಯಿತು. 2015ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಒಂದೇ ಪ್ರೋಟೀನು, ಅದೇ ಔಷಧಿ, ಅದು ಯಾರಲ್ಲಿ ಮೆರೆಯುತ್ತಿದೆ ಅಂತ ನೋಡಿ ಕೊಟ್ಟಿದ್ದಕ್ಕೆ ಫಲಿತಾಂಶವೇ ತಿರುಗಿತು. ಇಡೀ ಅಲರ್ಜಿ ವೈದ್ಯದಲ್ಲಿ ನನಗೆ ಅತಿ ಇಷ್ಟವಾದ ಕಥೆ ಇದು.

ಹಾಗಾಗಿ ನೀವೂ ಮೊದಲು ನೋಡಿಕೊಳ್ಳಬೇಕಾದ್ದು ನೀವು ಆ ಗುಂಪಿಗೆ ಸೇರುತ್ತೀರಾ ಅಂತ. ಪ್ರಮಾಣ ಜಾಸ್ತಿ ಇರುವ ಇನ್ಹೇಲರ್ ಅನ್ನು ಸರಿಯಾಗಿ, ಬಿಡದೆ ತೆಗೆದುಕೊಂಡೂ ವರ್ಷದಲ್ಲಿ ಎರಡು ಮೂರು ಸಲ ಸ್ಟೀರಾಯ್ಡ್ ಮಾತ್ರೆ ಬೇಕಾಗುತ್ತಿದೆಯಾ? ಅಷ್ಟು ಸ್ಟೀರಾಯ್ಡ್ ಇದ್ದರೂ ಎಇಸಿ 150ಕ್ಕಿಂತ ಮೇಲಿದೆಯಾ? 300 ದಾಟಿದ್ದರೆ ಉಪಯೋಗ ಆಗುವ ಸಾಧ್ಯತೆ ಇನ್ನೂ ಜಾಸ್ತಿ. ಹೌದು ಅಂದರೆ ಶ್ವಾಸಕೋಶ ತಜ್ಞರ ಹತ್ತಿರ ಈ ಮಾತು ತೆಗೆಯಿರಿ. ಮೆಪೊಲಿಜುಮ್ಯಾಬ್ ದೊಡ್ಡವರಿಗೆ ಉಬ್ಬಸಕ್ಕೆ 100 ಮಿಲಿಗ್ರಾಂ, ನಾಲ್ಕು ವಾರಕ್ಕೊಮ್ಮೆ ಚರ್ಮದ ಕೆಳಗೆ ಚುಚ್ಚುತ್ತಾರೆ. 2017ರಲ್ಲಿ ಬಂದ ಬೆನ್ರಲಿಜುಮ್ಯಾಬ್ ಐಎಲ್-5 ಅನ್ನು ಬಿಟ್ಟು ಇಯೋಸಿನೋಫಿಲ್ ಮೇಲೆ ಅದು ಬಂದು ಕೂರುವ ಜಾಗವನ್ನೇ (ರಿಸೆಪ್ಟರ್) ಹಿಡಿದು ಕಣವನ್ನೇ ಕೊಲ್ಲಿಸುತ್ತದೆ. ಮೊದಲ ಮೂರು ಡೋಸ್ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎಂಟು ವಾರಕ್ಕೊಮ್ಮೆ. ಡುಪಿಲುಮ್ಯಾಬ್ ತಡೆಯುವುದು ಐಎಲ್-4 ಮತ್ತು ಐಎಲ್-13 ಅನ್ನು, ಅದಕ್ಕೇ ಚರ್ಮದ ಎಕ್ಸಿಮಾ ಇರುವವರಿಗೆ ಅದು ಹೆಚ್ಚು ಹೊಂದುತ್ತದೆ. ಅದನ್ನು ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ರಕ್ತದ ಇಯೋಸಿನೋಫಿಲ್ ಏರುವುದೂ ಉಂಟು, ಅದನ್ನು ಡಾಕ್ಟ್ರು ಗಮನಿಸುತ್ತಾರೆ.

ಬೆಲೆ ಮಾತ್ರ ಕೈ ಸುಡುವಂಥದ್ದು. ಶುರು ಮಾಡುವ ಮುಂಚೆ ವಿಮೆ ಕಂಪನಿಗೆ ಬರೆದು ಕೇಳಿ. ಹೊರರೋಗಿಯಾಗಿ ತೆಗೆದುಕೊಳ್ಳುವ ಇಂಜೆಕ್ಷನ್‌ಗೆ ಹಣ ಕೊಡುತ್ತಾರಾ, ಎಷ್ಟು ಮಿತಿ ಅಂತ ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಹುಳದ ಪರೀಕ್ಷೆ ಅಥವಾ ಚಿಕಿತ್ಸೆ ಮುಗಿಸಿಕೊಂಡೇ ಶುರು ಮಾಡಿ, ಯಾಕೆಂದರೆ ಹುಳದ ವಿರುದ್ಧ ಹೋರಾಡುವ ಪಡೆಯನ್ನೇ ಇಲ್ಲಿ ತೆಗೆದುಹಾಕುತ್ತಿದ್ದೀರಿ.

ಶುರುವಾದ ಮೇಲೆ ಕನಿಷ್ಠ ನಾಲ್ಕು ತಿಂಗಳು ನೋಡಬೇಕು. ನೋಡುವುದು ಎಇಸಿಯನ್ನಲ್ಲ. ಬೆನ್ರಲಿಜುಮ್ಯಾಬ್ ಕೊಟ್ಟರೆ ಅದು ಹೇಗೂ ಸೊನ್ನೆಯ ಹತ್ತಿರ ಬರುತ್ತದೆ, ಲ್ಯಾಬಿನವರು ಈ ಸಲ ಕೆಳಮುಖ ಬಾಣ ಹಾಕಿ ಕಳಿಸುತ್ತಾರೆ. ನೋಡಬೇಕಾದದ್ದು ರಾತ್ರಿ ಎಷ್ಟು ಸಲ ಎಚ್ಚರ ಆಯಿತು, ನೀಲಿ ಇನ್ಹೇಲರ್ ಎಷ್ಟು ಸಲ ಬೇಕಾಯಿತು, ಸ್ಟೀರಾಯ್ಡ್ ಮಾತ್ರೆ ಬೇಕಾಯಿತಾ ಅನ್ನುವುದು. ಇದನ್ನು ಕ್ಯಾಲೆಂಡರಿನ ಚೌಕದಲ್ಲೇ ಗುರುತು ಹಾಕಿಟ್ಟು ಡಾಕ್ಟ್ರಿಗೆ ತೋರಿಸಿ. ಚೆನ್ನಾಗಿದೆ ಅನ್ನಿಸಿತು ಅಂತ ದಿನದ ಇನ್ಹೇಲರ್ ಅನ್ನು ನೀವೇ ನಿಲ್ಲಿಸಬೇಡಿ, ಸ್ಟೀರಾಯ್ಡ್ ಮಾತ್ರೆಯನ್ನಂತೂ ದಿಢೀರನೆ ಬಿಡಲೇಬೇಡಿ, ಅದನ್ನು ಹಂತ ಹಂತವಾಗಿ ಅವರೇ ಇಳಿಸಬೇಕು. ಇಂಜೆಕ್ಷನ್ ನಡೆಯುತ್ತಿದ್ದರೂ ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ನೀಲಿ ಇನ್ಹೇಲರ್ ಹೊಡೆದರೂ ಹಾಯೆನಿಸದಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ 108ಕ್ಕೆ ಫೋನ್ ಮಾಡಿ.